ಆಟಿಯ ಮಳೆಗೆ ಕೋಳಿ ಸೂಪು: ರುಚಿ ನೀರಿಗೆ ಇಳಿಯಬೇಕಾದರೆ ಏನು ಮಾಡಬೇಕು?

ತೋಟದಮನೆ, ಬದಿಯಡ್ಕ | ಸೋಮವಾರ ರಾತ್ರಿ

ಅಮ್ಮನಿಗೆ 74 ವರ್ಷ. ಹತ್ತು ದಿನ ಜ್ವರ ಹಿಡಿದು ಮಲಗಿದ್ದರು. ಈಗ ಜ್ವರ ಬಿಟ್ಟಿದೆ, ಬಾಯಿರುಚಿ ಮಾತ್ರ ಇನ್ನೂ ಬಂದಿಲ್ಲ. ಕುಚ್ಚಲಕ್ಕಿ ಗಂಜಿಯ ಬಟ್ಟಲು ಮುಂದಿಟ್ಟರೆ ಮುಖ ತಿರುಗಿಸುತ್ತಾರೆ. ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ ಇರುವುದರಿಂದ ಪೇಟೆಯಲ್ಲಿ ಒಳ್ಳೆಯ ಮೀನು ಸಿಗುವುದೂ ಕಷ್ಟ. ಹೊರಗೆ ಆಟಿಯ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿದೆ.

ಕೋಳಿ ಸೂಪು ಮಾಡಿಕೊಡೋಣವೆಂದು ನಿನ್ನೆ ಅರ್ಧ ಕಿಲೋ ಎಲುಬಿಲ್ಲದ ಮಾಂಸ ತಂದೆ. ಶುಂಠಿ, ಬೆಳ್ಳುಳ್ಳಿ, ನೀರುಳ್ಳಿ ಹಾಕಿ ಇಪ್ಪತ್ತು ನಿಮಿಷ ಕೊತಕೊತ ಕುದಿಸಿದೆ. ರುಚಿ ಸಾಲದೆಂದು ಅಂಗಡಿಯಲ್ಲಿ ಸಿಗುವ ಸೂಪಿನ ಕ್ಯೂಬು ಒಂದನ್ನು ಕರಗಿಸಿದೆ. ಕೊನೆಗೆ ಉಳಿದದ್ದು ಅಕ್ಕಿ ತೊಳೆದ ನೀರಿನ ಬಣ್ಣದ ಏನೋ ಒಂದು, ಮೇಲೆ ತೇಲುವ ಜಿಡ್ಡು, ನಾರು ನಾರಾದ ಮಾಂಸ. ಅಮ್ಮ ಎರಡು ಚಮಚ ಕುಡಿದು "ಸಾಕು ಮಗಳೇ" ಎಂದು ಲೋಟವನ್ನು ಬದಿಗಿಟ್ಟರು. ಆ ಲೋಟವನ್ನು ತೊಳೆಯುವಾಗ ನನಗೆ ಅಳು ಬಂತು.

ನನ್ನಲ್ಲಿರುವುದು ಎರಡು ಒಲೆಯ ಗ್ಯಾಸು, ಒಂದು ಕುಕ್ಕರು, ಒಂದು ದಪ್ಪ ತಳದ ಪಾತ್ರೆ. ಶಾಲೆಯಿಂದ ಬರುವಾಗ ನಾಲ್ಕೂವರೆ ಗಂಟೆಯಾಗುತ್ತದೆ. ಸುಲಭವಾಗಿ, ಆದರೆ ನಿಜವಾದ ರುಚಿ ಬರುವಂತೆ ಮಾಡುವುದನ್ನು ಗೊತ್ತಿದ್ದವರು ಹೇಳಿಕೊಡಿ.

ಅಜ್ಜಿಬೆಟ್ಟು, ಮುಳ್ಳೇರಿಯ | ಸೋಮವಾರ ರಾತ್ರಿ

ಮಗಳೇ, ನೀನು ಮಾಂಸವನ್ನು ಮನೆಗೆ ತಂದೆ, ಸೂಪನ್ನು ಅಂಗಡಿಯಲ್ಲೇ ಬಿಟ್ಟು ಬಂದೆ. ಎಲುಬಿಲ್ಲದ ಮಾಂಸ ಹುರಿಯುವುದಕ್ಕೆ ಸರಿ, ಸೂಪಿಗೆ ಅಲ್ಲ. ನಾಳೆ ಅಂಗಡಿಯ ಇಕ್ಕನಲ್ಲಿ ಕತ್ತು, ಬೆನ್ನು, ರೆಕ್ಕೆಯ ತುದಿ ಸೇರಿಸಿ ಅರ್ಧ ಕಿಲೋ ಕೇಳು. ಕಾಲಿನ ಪಂಜ ನಾಲ್ಕು ಕೇಳು. ಪಂಜ ಇಲ್ಲದೆ ನಾನು ಸೂಪು ಮಾಡುವುದೇ ಇಲ್ಲ. ಚರ್ಮ ಮತ್ತು ಎಲುಬಿನ ಗಂಟುಗಳಲ್ಲಿರುವ ಕೊಲಾಜನ್ ನಿಧಾನವಾಗಿ ಕರಗಿ ಜೆಲಟಿನ್ ಎಂಬ ಅಂಟು ಆಗುತ್ತದೆ ಎಂದು ಮೊಮ್ಮಗಳು ಪುಸ್ತಕ ನೋಡಿ ಹೇಳುತ್ತಾಳೆ. ಒಳ್ಳೆಯ ಸೂಪು ಕುಡಿದರೆ ತುಟಿಗೆ ತುಟಿ ಅಂಟುತ್ತದೆ ಎಂಬುದು ನಮಗೆ ಮೊದಲಿನಿಂದ ಗೊತ್ತಿದ್ದ ಸಂಗತಿ.

ಪಂಜ ಶುಚಿ ಮಾಡುವುದನ್ನು ಕಂಡು ಹಲವರು ಹಿಂದೆ ಸರಿಯುತ್ತಾರೆ. ಕಷ್ಟವೇನೂ ಇಲ್ಲ. ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ ತೆಗೆ. ಮೇಲಿನ ಹಳದಿ ಪೊರೆಯನ್ನು ಹೆಬ್ಬೆರಳಿನಿಂದ ಕಣಕಾಲಿನ ಕಡೆಯಿಂದ ಕೆಳಗೆ ಒತ್ತಿ ಎಳೆದರೆ ಕೈಗವಸು ಬಿಚ್ಚಿದ ಹಾಗೆ ಬೆರಳುಗಳ ತನಕ ಕಳಚಿ ಬರುತ್ತದೆ. ಹೆಚ್ಚು ಹೊತ್ತು ಮುಳುಗಿಸಿದೆಯೋ, ಪೊರೆ ಚರ್ಮಕ್ಕೆ ಅಂಟಿ ಕೂರುತ್ತದೆ, ಆಮೇಲೆ ಚೂರು ಚೂರಾಗಿ ಕೀಳಬೇಕು. ಉಗುರಿರುವ ಗೆಣ್ಣನ್ನು ಕತ್ತರಿಸಿ ಬಿಡು. ಅಂಗಾಲಿನಲ್ಲಿ ಕಪ್ಪು ಗಾಯದ ಕಲೆಯಿದ್ದರೆ ಕೆತ್ತಿ ತೆಗೆ.

ಎಲ್ಲವನ್ನೂ ಎರಡು ಲೀಟರ್ ತಣ್ಣೀರಿಗೆ ಹಾಕು. ಬಿಸಿನೀರಿಗೆ ಹಾಕಬೇಡ. ತಣ್ಣೀರಿನಿಂದ ಮೆಲ್ಲನೆ ಬಿಸಿಯೇರಿದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಸೌಟಿನಲ್ಲಿ ತೆಗೆಯಬಹುದು. ಕುದಿ ಬರುತ್ತಿದ್ದಂತೆ ಉರಿಯನ್ನು ತೀರಾ ಸಣ್ಣದು ಮಾಡು. ಪಾತ್ರೆಯ ಒಂದು ಅಂಚಿನಲ್ಲಿ ಮಾತ್ರ ಆಗೊಂದು ಈಗೊಂದು ಗುಳ್ಳೆ ಏಳುತ್ತಿರಬೇಕು. ನೀನು ಕೊತಕೊತ ಕುದಿಸಿದೆ ಎಂದೆಯಲ್ಲ, ಅಲ್ಲೇ ಕೆಟ್ಟದ್ದು. ಜೋರು ಕುದಿತಕ್ಕೆ ಕೊಬ್ಬು ಒಡೆದು ಸಣ್ಣ ಹನಿಗಳಾಗಿ ನೀರಿನಲ್ಲಿ ಬೆರೆತುಹೋಗುತ್ತದೆ. ಹಾಗೆ ಬೆರೆತ ಜಿಡ್ಡನ್ನು ಮತ್ತೆ ತೆಗೆಯುವುದು ಕಷ್ಟ. ಮಂದ ಉರಿಯಲ್ಲಾದರೆ ಕೊಬ್ಬು ಮೇಲೆ ಕೆನೆಯ ಹಾಗೆ ನಿಲ್ಲುತ್ತದೆ.

ಒಂದು ನೀರುಳ್ಳಿಯನ್ನು ಸಿಪ್ಪೆ ಸಮೇತ ತೊಳೆದು ಎರಡು ಹೋಳು ಮಾಡಿ ಹಾಕು, ಸಿಪ್ಪೆಯಿಂದ ಹೊಂಬಣ್ಣ ಬರುತ್ತದೆ. ಆರು ಎಸಳು ಬೆಳ್ಳುಳ್ಳಿ, ಒಂದು ಅಂಗುಲ ಶುಂಠಿ ಜಜ್ಜಿದ್ದು, ಕೊತ್ತಂಬರಿ ಸೊಪ್ಪಿನ ದಂಟು. ಅಷ್ಟು ಸಾಕು. ಫಾರಂ ಕೋಳಿಯ ಎಲುಬಿಗೆ ಒಂದೂವರೆ ಗಂಟೆ. ಸೋಸಿದರೆ ಒಂದೂಕಾಲು ಲೀಟರಿನಷ್ಟು ಸಿಗುತ್ತದೆ. ಇದಕ್ಕೆ ಕ್ಯೂಬು ಬೇಡ, ಕಾರ್ನ್ ಫ್ಲೋರ್ ಬೇಡ.

ಗುಡ್ಡೆಮನೆ ಮಾಷ್ಟ್ರು, ಮಂಜೇಶ್ವರ | ಸೋಮವಾರ ರಾತ್ರಿ

ಅಜ್ಜಿಬೆಟ್ಟಿನ ಅಮ್ಮ ಹೇಳಿದ್ದಕ್ಕೆ ಒಂದೇ ಸೇರ್ಪಡೆ, ಒಳ್ಳೆಮೆಣಸಿನ (ಕಾಳುಮೆಣಸಿನ) ವಿಷಯದಲ್ಲಿ. ಮೊದಲೇ ಹಾಕಿ ಒಂದೂವರೆ ಗಂಟೆ ಬೇಯಿಸಿದರೆ ಖಾರ ಉಳಿಯುತ್ತದೆ, ಪರಿಮಳ ಹಬೆಯೊಡನೆ ಹೋಗುತ್ತದೆ. ಖಾರ ಕೊಡುವ ಪಿಪೆರಿನ್ ಬೇರೆ, ಪರಿಮಳ ಕೊಡುವ ತೈಲ ಬೇರೆ. ತೈಲ ಬಿಸಿಗೆ ಆರಿಹೋಗುವಂಥದ್ದು. ಆದುದರಿಂದ ಲೋಟಕ್ಕೆ ಸುರಿಯುವ ಹೊತ್ತಿಗೆ ಹತ್ತು ಕಾಳನ್ನು ಕಲ್ಲಿನಲ್ಲಿ ತರಿತರಿಯಾಗಿ ಜಜ್ಜಿ ಹಾಕಿ.

ನಮ್ಮ ತೋಟದ ಅಡಿಕೆ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ ಪನ್ನಿಯೂರು 1. ಇಲ್ಲೇ ಪಕ್ಕದ ಕಣ್ಣೂರು ಜಿಲ್ಲೆಯ ಪನ್ನಿಯೂರಿನ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ ಸಂಕರ ತಳಿ. ಮನೆಯ ಮಾಡಿನ ಕೆಳಗೆ ಗೋಣಿಯಲ್ಲಿ ಕಾಳು ಇಟ್ಟುಕೊಂಡು ಪೇಟೆಯಿಂದ ಪುಡಿ ತರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬಿಳಿಕೋಟು, ಕಾಸರಗೋಡು | ಮಂಗಳವಾರ ಬೆಳಗ್ಗೆ

ನಾನು ಆಸ್ಪತ್ರೆಯಲ್ಲಿ ದಾದಿ. ರಾತ್ರಿ ಪಾಳಿ ಮುಗಿಸಿ ಬಂದು ಓದಿದೆ. ಅಡುಗೆಯ ವಿಚಾರದಲ್ಲಿ ಅಜ್ಜಿಬೆಟ್ಟಿನ ಅಮ್ಮನ ಮಾತೇ ಸರಿ. ಆರೋಗ್ಯದ ಕಡೆಯಿಂದ ಕೆಲವನ್ನು ಹೇಳಲೇಬೇಕು.

ಟೀಚರೇ, ನಿಮ್ಮ ಅಮ್ಮನಿಗೆ ರಕ್ತದೊತ್ತಡದ ಮಾತ್ರೆ ಇದ್ದರೆ ಕ್ಯೂಬನ್ನು ಇಂದೇ ಮನೆಯಿಂದ ಹೊರಗೆ ಹಾಕಿ. ಅದರಲ್ಲಿ ಹೆಚ್ಚಿನ ಪಾಲು ಉಪ್ಪೇ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಚಿಕ್ಕ ಚಮಚಕ್ಕೂ ಕಡಿಮೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಸೂಪು ಕುಡಿಯಲಿ. ಯೂರಿಕ್ ಆಮ್ಲ ಹೆಚ್ಚಿ ಗಂಟುನೋವು ಬರುವವರಿಗೂ ಇದೇ ಮಾತು, ಏಕೆಂದರೆ ಮೈಯಲ್ಲಿ ಯೂರಿಕ್ ಆಮ್ಲವಾಗುವ ಪ್ಯೂರಿನ್ ಎಂಬ ಅಂಶ ಮಾಂಸದಿಂದ ನೀರಿಗೆ ಇಳಿಯುತ್ತದೆ.

ಇನ್ನೊಂದು. ಎಲುಬಿನ ಸೂಪಿನಲ್ಲಿ ಕ್ಯಾಲ್ಸಿಯಂ ಧಾರಾಳ ಇದೆ ಎಂದು ನಂಬಿ ಹಾಲು ನಿಲ್ಲಿಸುವವರಿದ್ದಾರೆ. ಎಲುಬಿನಿಂದ ನೀರಿಗೆ ಬರುವ ಕ್ಯಾಲ್ಸಿಯಂ ತೀರಾ ಸ್ವಲ್ಪ. ಹಾಗೆಯೇ ಪ್ರೋಟೀನಿನ ಬಹುಪಾಲು ಮಾಂಸದಲ್ಲೇ ಉಳಿದಿರುತ್ತದೆ. ತಿಳಿಯನ್ನು ಕುಡಿಸಿ ಮಾಂಸ ಎಸೆಯಬೇಡಿ. ಬೆನ್ನು, ಕತ್ತಿನಿಂದ ಬಿಡಿಸಿದ ಎಳೆಗಳನ್ನು ಸಣ್ಣಗೆ ಕೊಚ್ಚಿ ಲೋಟಕ್ಕೆ ಸೇರಿಸಿ. ಸಣ್ಣ ಎಲುಬಿನ ಚೂರು ಇಲ್ಲವೆಂದು ಬೆರಳಿನಿಂದ ಮುಟ್ಟಿ ನೋಡಿ.

ಸೂಪಿನಿಂದ ನೆಗಡಿಗೆ ಹಿತ ಎಂಬುದು ಬರೀ ನಂಬಿಕೆಯೇ ಎಂದು ಕೇಳುವವರಿಗೆ: ಅಮೆರಿಕದ ನೆಬ್ರಾಸ್ಕ ವೈದ್ಯಕೀಯ ಕೇಂದ್ರದ ಸ್ಟೀಫನ್ ರೆನಾರ್ಡ್ ಮತ್ತು ಸಂಗಡಿಗರು 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೋಳಿ ಸೂಪು ಉರಿಯೂತದಲ್ಲಿ ಪಾಲಿರುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಓಡಾಟವನ್ನು ತಗ್ಗಿಸಿದ್ದು ಅದರಲ್ಲಿ ಕಂಡುಬಂತು. ಪರೀಕ್ಷೆ ನಡೆದದ್ದು ಪ್ರಯೋಗಾಲಯದ ಪಾತ್ರೆಯಲ್ಲಿ, ರೋಗಿಗಳ ಮೇಲೆ ಅಲ್ಲ. ಆದರೆ ಬಿಸಿ, ಹಬೆ, ನೀರು, ಸ್ವಲ್ಪ ಉಪ್ಪು ಇವು ಜ್ವರ ಬಿಟ್ಟ ಮೈಗೆ ಬೇಕಾದವು ಎಂಬುದಕ್ಕೆ ನಾನೇ ದಿನವೂ ಸಾಕ್ಷಿ.

ಕೊನೆಯದು, ದಯವಿಟ್ಟು ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ಹಸಿ ಕೋಳಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್, ಸಾಲ್ಮೊನೆಲ್ಲ ಎಂಬ ರೋಗಾಣುಗಳು ಇರಬಹುದು. ನೀರಿನ ಹನಿ ಸಿಡಿದು ಪಕ್ಕದಲ್ಲಿರುವ ತಟ್ಟೆ, ಸೌತೆಕಾಯಿ, ಬಟ್ಟೆ ಎಲ್ಲಕ್ಕೂ ತಗಲುತ್ತದೆ. ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆ 2014ರಲ್ಲಿ ಇದಕ್ಕಾಗಿಯೇ ಪ್ರಚಾರ ಮಾಡಿತ್ತು. ಚೆನ್ನಾಗಿ ಬೇಯಿಸಿದರೆ ಅವು ಸಾಯುತ್ತವೆ.

ಅಜ್ಜಿಬೆಟ್ಟು, ಮುಳ್ಳೇರಿಯ | ಮಂಗಳವಾರ ಬೆಳಗ್ಗೆ

ಸಿಸ್ಟರ್, ಉಳಿದುದೆಲ್ಲ ಒಪ್ಪಿದೆ, ತೊಳೆಯಬಾರದು ಎಂಬುದನ್ನು ಒಪ್ಪಲಾರೆ. ಅರಿಸಿನ, ಉಪ್ಪು ತಿಕ್ಕಿ ಮೂರು ನೀರಿನಲ್ಲಿ ತೊಳೆಯದೆ ನಮ್ಮ ಮನೆಯಲ್ಲಿ ಕೋಳಿ ಒಲೆಗೆ ಏರಿದ್ದಿಲ್ಲ. ಬೆನ್ನಿನ ಎಲುಬಿನ ಸಂದಿನಲ್ಲಿ ಹೆಪ್ಪುಗಟ್ಟಿದ ರಕ್ತ, ಶ್ವಾಸಕೋಶದ ಚೂರು ಅಂಟಿಕೊಂಡಿರುತ್ತದೆ. ಅದನ್ನು ಹಾಗೆಯೇ ಹಾಕಿದರೆ ಸೂಪಿಗೆ ಕಹಿ ಬರುತ್ತದೆ, ನೀಚು ವಾಸನೆ ಹೋಗುವುದಿಲ್ಲ.

ಕೆರೆಕೋಡಿ, ಹೊಸೂರು | ಮಂಗಳವಾರ ಮಧ್ಯಾಹ್ನ

ನಡುವೆ ಬಾಯಿ ಹಾಕುವುದಕ್ಕೆ ಕ್ಷಮೆಯಿರಲಿ. ಇಬ್ಬರ ಮಾತೂ ನಡೆಯುವ ದಾರಿಯೊಂದಿದೆ. ಎಲುಬನ್ನು ತೊಳೆಯದೆ ತಣ್ಣೀರಿನಲ್ಲಿ ಹಾಕಿ ಒಂದು ಕುದಿ ಬರಿಸಿ. ಎರಡು ನಿಮಿಷಕ್ಕೆ ಬೂದುಬಣ್ಣದ ನೊರೆ ಪೂರ್ತಿ ಬಿಡುತ್ತದೆ. ಆ ನೀರನ್ನು ಚೆಲ್ಲಿ, ಎಲುಬನ್ನು ಬೋಗುಣಿಯಲ್ಲಿ ಬೆಚ್ಚನೆಯ ನೀರಿಟ್ಟು ಸಂದಿಗಳನ್ನು ಬೆರಳಿನಿಂದ ಉಜ್ಜಿ. ಮೇಲಿನ ಕ್ರಿಮಿಗಳು ಕುದಿಯಲ್ಲೇ ಸತ್ತಿರುತ್ತವೆ, ರಕ್ತವೂ ಗಟ್ಟಿಯಾಗಿ ಸುಲಭವಾಗಿ ಬಿಡುತ್ತದೆ. ಆಮೇಲೆ ಹೊಸ ನೀರು, ತೊಳೆದ ಪಾತ್ರೆ. ರುಚಿ ಒಂದಿಷ್ಟು ಹೋಗುತ್ತದೆ ನಿಜ, ಆದರೆ ತಿಳಿ ಕನ್ನಡಿಯಂತೆ ಬರುತ್ತದೆ.

ನನಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಒಂದೂವರೆ ಗಂಟೆ ಒಲೆಯ ಬಳಿ ನಿಲ್ಲುವುದಾಗುವುದಿಲ್ಲ. ಆದ್ದರಿಂದ ಕುಕ್ಕರು. ಟೀಚರ್ ಅವರಿಗೂ ಇದೇ ಒದಗೀತು. ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಏರುವುದರಿಂದ ಎಲುಬಿನ ಸಾರ ಬೇಗ ಇಳಿಯುತ್ತದೆ. ಅರ್ಧ ಕಿಲೋ ಎಲುಬಿಗೆ ಒಂದೂಕಾಲು ಲೀಟರ್ ನೀರು, ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ಒಂದು ಸೀಟಿ ಬಂದ ಮೇಲೆ ಉರಿ ಸಣ್ಣದು ಮಾಡಿ 35 ನಿಮಿಷ. ಆಮೇಲೆ ಒಲೆ ಆರಿಸಿ ಸುಮ್ಮನೆ ಬಿಡಿ. ಅವಸರಕ್ಕೆ ಸೌಟಿನಿಂದ ವೆಯ್ಟ್ ಎತ್ತಿದರೆ ಒತ್ತಡ ಇಳಿಯುತ್ತಲೇ ಒಳಗಿನದ್ದು ಒಮ್ಮೆಗೇ ಉಕ್ಕಿ ಕುದಿದು ತಿಳಿಯೆಲ್ಲ ಕಲಕಿಹೋಗುತ್ತದೆ. ಕೈ ಸುಡುವ ಅಪಾಯವೂ ಇದೆ.

ನಮ್ಮ ಕಡೆ ಇದನ್ನು ಕೋಳಿ ರಸಂ ಮಾಡುತ್ತೇವೆ. ಒಂದು ಚಮಚ ಎಳ್ಳೆಣ್ಣೆ ಕಾಯಿಸಿ ಸಣ್ಣ ಈರುಳ್ಳಿ ಎಂಟು ಹಾಕಿ ಕೆಂಪಗೆ ಬಾಡಿಸಿ, ಜಜ್ಜಿದ ಮೆಣಸು, ಜೀರಿಗೆ, ಬೆಳ್ಳುಳ್ಳಿ, ಕರಿಬೇವು ಹಾಕಿ ಘಮ್ಮೆಂದಾಗ ಸೋಸಿದ ತಿಳಿ ಸುರಿಯುವುದು. ಒಂದೇ ಕುದಿ. ಸಂಜೆ ಹೊತ್ತು ಇಲ್ಲಿನ ಗಾಡಿಗಳಲ್ಲಿ ಆಡಿನ ಕಾಲಿನ ಸೂಪು ಮಾರುತ್ತಾರಲ್ಲ, ಅದರ ಮಸಾಲೆಯೂ ಹೆಚ್ಚುಕಡಿಮೆ ಇದೇ.

ಅಜ್ಜಿಬೆಟ್ಟು, ಮುಳ್ಳೇರಿಯ | ಮಂಗಳವಾರ ಮಧ್ಯಾಹ್ನ

ಒಂದು ಕುದಿ ಬರಿಸಿ ಚೆಲ್ಲುವುದು ಒಳ್ಳೆಯ ಉಪಾಯ ತಮ್ಮಾ. ಇದನ್ನು ನಾನು ಮಾಡಿ ನೋಡುತ್ತೇನೆ.

ಉಪ್ಪಳದವ, ಈಗ ಶಾರ್ಜಾ | ಮಂಗಳವಾರ ರಾತ್ರಿ

ಇಲ್ಲಿ ಒಂದು ಕೋಣೆಯಲ್ಲಿ ಆರು ಜನ ಇದ್ದೇವೆ. ಶುಕ್ರವಾರ ಅಲ್ ಫಹಮ್ ತರಿಸುತ್ತೇವೆ, ಅಂದರೆ ಕೆಂಡದಲ್ಲಿ ಸುಟ್ಟ ಕೋಳಿ. ತಿಂದು ಉಳಿದ ಎಲುಬನ್ನು ಎಸೆಯದೆ, ಬಾಯಿ ಹಾಕದ ಬೆನ್ನು, ರೆಕ್ಕೆ, ಪಕ್ಕೆಲುಬುಗಳನ್ನು ಅಂದೇ ಫ್ರಿಜ್‌ನಲ್ಲಿಟ್ಟು ಶನಿವಾರ ಸೂಪು ಮಾಡುತ್ತೇನೆ. ಸುಟ್ಟ ಎಲುಬಿನ ರುಚಿಯೇ ಬೇರೆ, ಬಣ್ಣ ಚಹಾದಂತೆ ಬರುತ್ತದೆ. ತೀರಾ ಕರಕಲಾದ ತುದಿಯನ್ನು ಮಾತ್ರ ಚಿವುಟಿ ಬಿಸಾಡಬೇಕು, ಇಲ್ಲವಾದರೆ ಕಹಿ. ಹಸಿ ಎಲುಬು ಇರುವವರು ಒಣ ಬಾಣಲೆಯಲ್ಲಿ ಹತ್ತು ನಿಮಿಷ ಹೊಂಬಣ್ಣಕ್ಕೆ ಹುರಿದು ಆಮೇಲೆ ನೀರು ಹಾಕಿದರೂ ಇದಕ್ಕೆ ಹತ್ತಿರದ ರುಚಿ ಸಿಗುತ್ತದೆ.

ಕಾರ್ನ್ ಫ್ಲೋರ್ ಬೇಡವೇ ಬೇಡ ಎಂದು ಅಜ್ಜಿಬೆಟ್ಟಿನ ಅಮ್ಮ ಹೇಳಿದ್ದಾರೆ. ಹೋಟೆಲಿನ ಸ್ವೀಟ್ ಕಾರ್ನ್ ಸೂಪು ಬೇಕೆಂದು ಹಟ ಹಿಡಿಯುವ ಮಕ್ಕಳಿದ್ದರೆ ಒಂದು ಲೀಟರಿಗೆ ಎರಡು ಚಮಚ ಸಾಕು. ತಣ್ಣೀರಿನಲ್ಲಿ ಕದಡಿ ಕೊನೆಯಲ್ಲಿ ಸುರಿಯಿರಿ, ನೇರ ಹಾಕಿದರೆ ಗಂಟಾಗುತ್ತದೆ. ಒಂದು ನಿಮಿಷ ಕುದಿದ ಮೇಲೆ ಉರಿ ತಗ್ಗಿಸಿ, ಗೊಟಾಯಿಸಿದ ಮೊಟ್ಟೆಯ ಬಿಳಿಯನ್ನು ಎತ್ತರದಿಂದ ನೂಲಿನಂತೆ ಬಿಡುತ್ತಾ ಒಂದೇ ದಿಕ್ಕಿಗೆ ತಿರುಗಿಸಿ.

ಅಜ್ಜಿಬೆಟ್ಟು, ಮುಳ್ಳೇರಿಯ | ಮಂಗಳವಾರ ರಾತ್ರಿ

ದಪ್ಪ ಬೇಕೆಂದರೆ ಕುಚ್ಚಲಕ್ಕಿ ಅನ್ನ ಒಂದು ಮುಷ್ಟಿ ನುಣ್ಣಗೆ ಅರೆದು ಹಾಕು ಮಗನೇ. ಅಥವಾ ಗಂಜಿಯ ತೆಳಿ ಒಂದು ಸೌಟು. ಹೊಟ್ಟೆಗೂ ಆಧಾರ.

ಜೋಳದ ಹೊಲ, ಅಕ್ಕಲಕೋಟೆ | ಮಂಗಳವಾರ ರಾತ್ರಿ

ನಮ್ಮ ಸೋಲಾಪುರ ಜಿಲ್ಲೆಯಲ್ಲಿ ಕೊಲ್ಹಾಪುರದ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ ಎರಡೂ ಗೊತ್ತು. ರಸ್ಸಾ ಎಂದರೆ ತೆಳು ಸಾರು, ತಾಂಬಡಾ ಎಂದರೆ ಕೆಂಪು, ಪಾಂಢರಾ ಎಂದರೆ ಬಿಳಿಯದು. ಹೆಚ್ಚಾಗಿ ಮಟನ್ನಿನಲ್ಲಿ ಮಾಡುತ್ತಾರೆ, ನಮ್ಮ ಮನೆಯಲ್ಲಿ ಕೋಳಿಯದೇ ಆಗಬೇಕು. ಉಪ್ಪು, ಬೆಳ್ಳುಳ್ಳಿ, ಶುಂಠಿ ಮಾತ್ರ ಹಾಕಿ ಬೇಯಿಸಿದ ತೆಳ್ಳನೆಯ ನೀರಿಗೆ ಆಳಣಿ ಎನ್ನುತ್ತಾರೆ. ಮಸಾಲೆ ಸೇರುವ ಮೊದಲು ಮನೆಯ ಮಕ್ಕಳಿಗೂ ಅಜ್ಜಂದಿರಿಗೂ ಒಂದೊಂದು ಬಟ್ಟಲು ತೆಗೆದಿಡುವುದು ವಾಡಿಕೆ. ಅದೇ ನಮ್ಮ ಸೂಪು.

ಉಳಿದ ಆಳಣಿಗೆ ನೆನೆಸಿ ನುಣ್ಣಗೆ ಅರೆದ ಗಸಗಸೆ, ಬಿಳಿ ಎಳ್ಳು, ಗೋಡಂಬಿ ಒಂದೊಂದು ಚಮಚ, ಕೊನೆಗೆ ತೆಂಗಿನ ಹಾಲು. ಒಗ್ಗರಣೆಗೆ ಏಲಕ್ಕಿ, ಲವಂಗ, ಚೆಕ್ಕೆ. ಅರಿಸಿನ ಸೋಂಕಬಾರದು, ಬಿಳುಪು ಹೋಗುತ್ತದೆ. ನನಗೆ ತೆಂಗಿನ ಹಾಲು ಆಗಾಗ ಒಡೆದು ಮೊಸರಿನಂತೆ ಆಗುತ್ತದೆ. ಇಲ್ಲಿ ಸಿಗುವುದು ಡಬ್ಬಿಯ ಹಾಲು. ಕಾಸರಗೋಡಿನವರು ಇದಕ್ಕೆ ಏನು ಮಾಡುತ್ತೀರಿ?

ಗುಡ್ಡೆಮನೆ ಮಾಷ್ಟ್ರು, ಮಂಜೇಶ್ವರ | ಮಂಗಳವಾರ ರಾತ್ರಿ

1916ರಷ್ಟು ಹಿಂದೆಯೇ ತೆಂಗಿನ ಸಂಶೋಧನೆ ಶುರುವಾದ ಊರು ನಮ್ಮ ಕಾಸರಗೋಡು, ಈ ಪ್ರಶ್ನೆಗೆ ಉತ್ತರಿಸದಿದ್ದರೆ ಹೇಗೆ? ಹಾಲು ಒಡೆಯುವುದು ಜೋರು ಕುದಿತಕ್ಕೆ. ಎರಡನೇ ಸಲ ಹಿಂಡಿದ ತೆಳು ಹಾಲನ್ನು ಬೇಕಾದರೆ ಜೊತೆಗೇ ಬೇಯಿಸಿ. ಮೊದಲು ಹಿಂಡಿದ ದಪ್ಪ ಹಾಲನ್ನು ಒಲೆ ಆರಿಸಿದ ಮೇಲೆ ಹಾಕಿ. ಡಬ್ಬಿಯ ಹಾಲಾದರೆ ಬಿಸಿ ಸೂಪನ್ನು ಒಂದು ಸೌಟು ಅದಕ್ಕೆ ಹಾಕಿ ಕಲಸಿ, ಆಮೇಲೆ ಪಾತ್ರೆಗೆ ಸುರಿಯಿರಿ. ಹುಳಿ ಹಿಂಡುವುದಿದ್ದರೆ ಲೋಟದಲ್ಲಿ ಹಿಂಡಿ, ಪಾತ್ರೆಯಲ್ಲಿ ಅಲ್ಲ.

ತೋಟದಮನೆ, ಬದಿಯಡ್ಕ | ಬುಧವಾರ ರಾತ್ರಿ

ಎಲ್ಲರಿಗೂ ಕೃತಜ್ಞತೆ. ಇಂದು ಮಾಡಿದೆ. ಇಕ್ಕ ಪಂಜವನ್ನು ಹಾಗೆಯೇ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಹಳದಿ ಪೊರೆ ಮೊದಲ ಎರಡಕ್ಕೆ ಹರಿದು ಬಂತು, ಉಳಿದೆರಡಕ್ಕೆ ಅಜ್ಜಿಬೆಟ್ಟಿನ ಅಮ್ಮ ಹೇಳಿದಂತೆಯೇ ಒಂದೇ ಎಳೆತಕ್ಕೆ ಕಳಚಿತು. ಒಂದು ಕುದಿ ಬರಿಸಿ ಚೆಲ್ಲಿದೆ. ಮಂದ ಉರಿಯಲ್ಲಿಟ್ಟು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ ಕೂತೆ. ಮನೆಯೆಲ್ಲ ಪರಿಮಳ. ಬಣ್ಣ, ತಿಳಿ ಎರಡೂ ನೀವು ಹೇಳಿದ ಹಾಗೆಯೇ ಬಂದಿದೆ.

ಆದರೆ ಉಪ್ಪು ಹೆಚ್ಚಾಗಿದೆ. ಮೊದಲೇ ಎರಡು ಲೀಟರಿಗೆ ಲೆಕ್ಕ ಹಾಕಿ ಸುರಿದೆ, ನೀರು ಬತ್ತಿದಾಗ ಬಾಯಿಗೆ ಹಾಕಲಾಗದಷ್ಟು ಆಯಿತು. ಅಮ್ಮನಿಗೆ ಕೊಟ್ಟಿಲ್ಲ. ಬಟಾಟೆ ಹಾಕಿದರೆ ಉಪ್ಪು ಹೀರುತ್ತದೆಯಂತೆ, ನಿಜವೇ?

ಹುಣಸೆತೋಪು, ಮಡಕಶಿರಾ | ಬುಧವಾರ ರಾತ್ರಿ

ಇಲ್ಲ ಅಕ್ಕ. ಬಟಾಟೆ ತನ್ನೊಳಕ್ಕೆ ಎಳೆದುಕೊಂಡ ನೀರಿನಷ್ಟೇ ಉಪ್ಪನ್ನು ಎಳೆಯುತ್ತದೆ, ಮಿಕ್ಕ ಸೂಪಿನ ಉಪ್ಪು ಇದ್ದ ಹಾಗೆಯೇ ಇರುತ್ತದೆ. ಉಪ್ಪಿಲ್ಲದ ನೀರೋ ತೆಳಿಯೋ ಸೇರಿಸಿ ಸಡಿಲಿಸುವುದೊಂದೇ ದಾರಿ. ಇನ್ನು ಮುಂದೆ ಸೋಸಿದ ಮೇಲೆ, ಎಷ್ಟು ಉಳಿದಿದೆ ಎಂದು ನೋಡಿ ಉಪ್ಪು ಹಾಕಿ. ಲೀಟರಿಗೆ ಒಂದು ಚಿಕ್ಕ ಚಮಚದಿಂದ ಶುರು ಮಾಡಿ, ಅಮ್ಮನವರಿಗೆ ಇನ್ನೂ ಕಡಿಮೆ.

ನಿಮಗೆ ಊರ ಕೋಳಿ ಸಿಕ್ಕರೆ ಬಿಡಬೇಡಿ. ಫಾರಂ ಕೋಳಿ ಆರು ವಾರಕ್ಕೇ ಅಂಗಡಿಗೆ ಬಂದಿರುತ್ತದೆ, ಓಡಾಡಿದ ಕಾಲಲ್ಲ ಅದು. ನಮ್ಮಲ್ಲಿ ಮೊಟ್ಟೆ ಇಡುವುದು ನಿಲ್ಲಿಸಿದ ನಾಟಿ ಹೇಂಟೆಯನ್ನು ಸೂಪಿಗೆ ಎತ್ತಿಡುತ್ತಾರೆ. ಪುಕ್ಕ ಕಿತ್ತು, ಮೈಗೆ ಅರಿಸಿನ ಸವರಿ, ಒಣ ಹುಲ್ಲಿನ ಉರಿಯ ಮೇಲೆ ತಿರುಗಿಸಿ ತಿರುಗಿಸಿ ಸುಡುತ್ತಾರೆ. ಸಣ್ಣ ಕೂದಲು ಚಟಚಟನೆ ಸುಟ್ಟು, ಚರ್ಮ ಬಿಗಿದುಕೊಂಡು ಹೊಳೆಯತೊಡಗುತ್ತದೆ. ಆ ಸುಟ್ಟ ವಾಸನೆಯೇ ಸೂಪಿನ ಅರ್ಧ ರುಚಿ. ಇದಕ್ಕೆ ಮಾತ್ರ ಮಂದ ಉರಿಯಲ್ಲಿ ಮೂರು ಗಂಟೆ ಬೇಕು. ತಿಳಿಯನ್ನು ಬೇರೆ ಬಟ್ಟಲಿನಲ್ಲಿ ಕುಡಿದು, ಮಾಂಸಕ್ಕೆ ಖಾರ ಅರೆದು ಹಾಕಿ ರಾಗಿ ಮುದ್ದೆಗೆ ಸಾರು ಮಾಡಿಕೊಳ್ಳುತ್ತೇವೆ.

ಬಿಳಿಕೋಟು, ಕಾಸರಗೋಡು | ಬುಧವಾರ ರಾತ್ರಿ

ಟೀಚರೇ, ಆ ಸೂಪನ್ನು ರಾತ್ರಿಯಿಡೀ ಒಲೆಯ ಮೇಲೆ ಬಿಡಬೇಡಿ. ದೊಡ್ಡ ಪಾತ್ರೆ ಆರುವುದಕ್ಕೆ ತುಂಬಾ ಹೊತ್ತು ಬೇಕು, ಉಗುರುಬೆಚ್ಚಗಿರುವಾಗಲೇ ಕ್ಲಾಸ್ಟ್ರಿಡಿಯಂನಂಥ ಬ್ಯಾಕ್ಟೀರಿಯಾ ಹೆಚ್ಚುವುದು. ಅದರ ಬೀಜಾಣುಗಳು ಕುದಿಗೂ ಸಾಯುವುದಿಲ್ಲ. ಪಾತ್ರೆಯನ್ನು ತಣ್ಣೀರಿನ ಬಕೆಟಿನಲ್ಲಿಟ್ಟು ಆರಿಸಿ, ಸಣ್ಣ ಡಬ್ಬಿಗಳಿಗೆ ಹಾಕಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ. ಮೂರು ದಿನದೊಳಗೆ ಮುಗಿಸಿ, ಪ್ರತಿ ಸಲ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿ.

ತೋಟದಮನೆ, ಬದಿಯಡ್ಕ | ಗುರುವಾರ ರಾತ್ರಿ

ಬೆಳಗ್ಗೆ ಡಬ್ಬಿ ತೆರೆದಾಗ ಮೇಲೆ ಕೊಬ್ಬು ಹಳದಿ ಬಿಲ್ಲೆಯಂತೆ ಗಟ್ಟಿಯಾಗಿತ್ತು. ಚಮಚದಿಂದ ಎತ್ತಿದರೆ ಇಡಿಯಾಗಿ ಬಂತು. ಅದರ ಕೆಳಗಿನ ಸೂಪು ಹಾಲುಬಾಯಿಯ ಹಾಗೆ ನಿಂತಿತ್ತು, ಡಬ್ಬಿ ಅಲುಗಿಸಿದರೆ ನಡುಗುತ್ತಿತ್ತು. ಇದನ್ನು ನಾನು ಮಾಡಿದ್ದೇ ಎಂದು ಸ್ವಲ್ಪ ಹೊತ್ತು ನೋಡುತ್ತಾ ನಿಂತೆ.

ಸಂಜೆ ಒಂದು ಪಾಲು ಸೂಪಿಗೆ ಒಂದೂವರೆ ಪಾಲು ಉಪ್ಪಿಲ್ಲದ ತೆಳಿ ಸೇರಿಸಿ ಕುದಿಸಿದೆ. ಉಪ್ಪು ಹದಕ್ಕೆ ಬಂತು. ಬೆನ್ನಿನ ಮಾಂಸದ ಎಳೆಗಳನ್ನು ಕೊಚ್ಚಿ ಹಾಕಿ, ಮಾಷ್ಟ್ರು ಹೇಳಿದ ಹತ್ತು ಕಾಳು ಮೆಣಸನ್ನು ಕಲ್ಲಿನಲ್ಲಿ ಜಜ್ಜಿ ಉದುರಿಸಿದೆ. ಅಮ್ಮ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಮೊದಲು ಹಬೆಗೆ ಮುಖವೊಡ್ಡಿ ಕೂತರು. ಆಮೇಲೆ ಪೂರ್ತಿ ಕುಡಿದರು. ಕುಡಿದು, ತಳದಲ್ಲಿ ಉಳಿದ ಮಾಂಸವನ್ನು ಬೆರಳಿನಿಂದ ಬಳಿದು ತಿಂದು, "ಪಂಜ ಎಲ್ಲಿ?" ಎಂದು ಕೇಳಿದರು.

ಸೋಸುವಾಗ ಎಲುಬಿನೊಡನೆ ತೋಟದ ಗುಂಡಿಗೆ ಹಾಕಿಬಿಟ್ಟಿದ್ದೆ.

ಅಜ್ಜಿಬೆಟ್ಟು, ಮುಳ್ಳೇರಿಯ | ಗುರುವಾರ ರಾತ್ರಿ

ನಾಳೆ ಆರು ಪಂಜ ತಾ ಮಗಳೇ. ನಾಲ್ಕು ಸೂಪಿಗೆ ಇರಲಿ. ಎರಡನ್ನು ಮುಕ್ಕಾಲು ಗಂಟೆಗೇ ಎತ್ತಿ ಅವರ ಬಟ್ಟಲಿಗೆ ತೆಗೆದಿಡು, ಹೆಚ್ಚು ಬೆಂದರೆ ಚರ್ಮ ಕರಗಿ ಚೀಪುವುದಕ್ಕೆ ಏನೂ ಉಳಿಯುವುದಿಲ್ಲ. ಸಣ್ಣ ಎಲುಬು ಇದೆ, ಅವರು ಚೀಪಿ ಮುಗಿಸುವ ತನಕ ಹತ್ತಿರ ಕೂತಿರು.